ಉಬ್ಬಿದ ಬ್ಯಾಟರಿ, ಗುಡುಗಿನ ಸಂಜೆ, ಮಾವನ ಸ್ಪೀಕರ್

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ ತೋಟದ ಮನೆ. ಗುಡುಗು ಶುರುವಾದ ಕೂಡಲೇ ಅತ್ತೆ ಎಲ್ಲರ ಫೋನ್ ಸ್ವಿಚ್ ಆಫ್ ಮಾಡಿಸುತ್ತಾರೆ. ಸಿಗ್ನಲ್ ಹಿಡಿದು ಸಿಡಿಲು ಬರುತ್ತದೆ ಎಂದು ಅವರ ಹೆದರಿಕೆ. ಮಾವನಿಗೆ 72 ವರ್ಷ, ಕಳೆದ ವರ್ಷ ಪೇಸ್‌ಮೇಕರ್ ಹಾಕಿದ್ದಾರೆ. ಫೋನಿನ ಅಲೆ ತಲೆಗೆ ತಾಗಬಾರದು ಎಂದು ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಬಸ್ಸಿನಲ್ಲೂ ಹಾಗೆ, ಆಸ್ಪತ್ರೆಯಲ್ಲೂ ಹಾಗೆ. ಜನ ತಿರುಗಿ ನೋಡುತ್ತಾರೆ. ಮಾತು ಮುಗಿದ ಮೇಲೆ ಫೋನ್ ಅಂಗಿಯ ಎಡ ಕಿಸೆಗೆ ಹೋಗುತ್ತದೆ. ಸೊಸೆಯಾಗಿ ನಾನು ಹೇಗೆ ಹೇಳಲಿ? ನನ್ನ ಗಂಡ ಪೆಟ್ರೋಲ್ ಬಂಕಿನಲ್ಲಿ ಫೋನ್ ಮುಟ್ಟುವುದಿಲ್ಲ, ಆದರೆ ಬೈಕ್ ಓಡಿಸುವಾಗ ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಾರೆ. ಮಗ ಪಿಯುಸಿ ಓದುತ್ತಿದ್ದಾನೆ. ರಾತ್ರಿ ಫೋನ್ ಚಾರ್ಜಿಗೆ ಹಾಕಿ ದಿಂಬಿನ ಅಡಿ ಇಟ್ಟು ಮಲಗುತ್ತಾನೆ. ಮೊನ್ನೆ ನನ್ನ ಫೋನ್ ಮಳೆಗೆ ಒದ್ದೆಯಾಯಿತು. ಅಕ್ಕಿ ಡಬ್ಬಿಯಲ್ಲಿ ಹಾಕಿಟ್ಟೆ, ಸರಿಯಾಯಿತು, ಆದರೆ ಈಗ ಚಾರ್ಜ್ ಆಗುವುದು ನಿಧಾನ. ಮಗ ಗೇಮ್ ಆಡುವ ಹಳೆಯ ಫೋನಿನ ಹಿಂಭಾಗ ಸ್ವಲ್ಪ ಉಬ್ಬಿದೆ, ಅದು ಬಿಡಿ, ಹಳೇದು. ಇದರಲ್ಲಿ ಯಾವುದಕ್ಕೆ ನಿಜವಾಗಿ ಹೆದರಬೇಕು, ಯಾವುದಕ್ಕೆ ಬೇಡ, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನೀವು "ಅದು ಬಿಡಿ" ಎಂದು ದಾಟಿಸಿದ ಸಾಲಿನಿಂದಲೇ ಶುರು ಮಾಡುತ್ತೇನೆ. ಉಡುಪಿಯಲ್ಲಿ 22 ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ನಿಮ್ಮ ಪತ್ರದಲ್ಲಿ ಬರುವ ಎಲ್ಲ ವಿಷಯಗಳಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಆ ಉಬ್ಬಿದ ಫೋನ್. ಮುಂದೆ ಓದುವ ಮೊದಲು ಎದ್ದು ಹೋಗಿ. ಅದು ಚಾರ್ಜಿನಲ್ಲಿ ಇದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ವೈರ್ ತೆಗೆಯಿರಿ. ಫೋನ್ ಸ್ವಿಚ್ ಆಫ್ ಮಾಡಿ. ಉಬ್ಬಿದ ಜಾಗವನ್ನು ಒತ್ತಬೇಡಿ, ಎದ್ದ ಕವರನ್ನು ಒಳಗೆ ಕೂರಿಸಲು ಹೋಗಬೇಡಿ. ಒಂದು ಮಣ್ಣಿನ ಮಡಕೆಗೋ ಸ್ಟೀಲ್ ಡಬ್ಬಿಗೋ ಒಣ ಮರಳು ಹಾಕಿ ಅದರಲ್ಲಿ ಇಡಿ. ಮುಚ್ಚಳ ಬಿಗಿಯಬೇಡಿ. ಬಿಸಿಲು ಬೀಳದ, ಗಾಳಿಯಾಡುವ, ಹತ್ತಿರದಲ್ಲಿ ಬಟ್ಟೆ, ಕಾಗದ, ಕಟ್ಟಿಗೆ ಇಲ್ಲದ ಜಾಗದಲ್ಲಿ ಇರಲಿ. ಒಂದೆರಡು ದಿನದಲ್ಲಿ ರಿಪೇರಿ ಮಾಡುವವರ ಹತ್ತಿರ ಕೊಂಡುಹೋಗಿ ಬ್ಯಾಟರಿ ತೆಗೆಸಿ. ಕಸದ ಗಾಡಿಗೆ ಹಾಕಬೇಡಿ. ಅಲ್ಲಿ ಕಸ ಒತ್ತುವಾಗ ಅದು ಒಡೆದು ಬೆಂಕಿ ಹಿಡಿಯಬಹುದು.

ಯಾಕೆ ಇಷ್ಟು ಅವಸರ ಎಂದರೆ, ಫೋನ್ ಬ್ಯಾಟರಿಯ ಒಳಗೆ ತೆಳು ಹಾಳೆಗಳನ್ನು ಪದರ ಪದರವಾಗಿ ಮಡಿಸಿ ಇಟ್ಟಿರುತ್ತಾರೆ. ಒಂದು ಪದರ ಪ್ಲಸ್, ಒಂದು ಮೈನಸ್. ನಡುವೆ ಕಾಗದಕ್ಕಿಂತ ತೆಳುವಾದ ಪ್ಲಾಸ್ಟಿಕ್ ಪರದೆ. ಎಲ್ಲವನ್ನೂ ನೆನೆಸಿರುವ ದ್ರವ ಬೆಂಕಿ ಹಿಡಿಯುವಂಥದ್ದು. ಬ್ಯಾಟರಿ ಹಳೆಯದಾದಾಗ, ಬಿಸಿ ಜಾಸ್ತಿ ಆದಾಗ ಆ ದ್ರವ ಕೆಟ್ಟು ಗ್ಯಾಸ್ ಆಗುತ್ತದೆ. ಗ್ಯಾಸಿಗೆ ಹೋಗಲು ದಾರಿ ಇಲ್ಲ, ಚೀಲ ಉಬ್ಬುತ್ತದೆ. ಉಬ್ಬಿದೆ ಎಂದರೆ ಒಳಗಿನ ರಸಾಯನ ಕೆಟ್ಟಾಗಿದೆ ಎಂದೇ ಅರ್ಥ, ತಾನಾಗಿ ಮತ್ತೆ ಇಳಿಯುವುದಿಲ್ಲ. ಆ ಸ್ಥಿತಿಯಲ್ಲಿ ಪರದೆ ಒಂದು ಕಡೆ ಹರಿದರೆ ಪ್ಲಸ್ ಮೈನಸ್ ತಾಗುತ್ತವೆ. ಬಿಸಿ ಹುಟ್ಟುತ್ತದೆ, ಆ ಬಿಸಿ ಪಕ್ಕದ ಪದರವನ್ನು ಕೆಡಿಸುತ್ತದೆ, ಅದು ಇನ್ನಷ್ಟು ಬಿಸಿ ಮಾಡುತ್ತದೆ. ಕೆಲವೇ ಸೆಕೆಂಡುಗಳ ಆಟ. ನಾನು ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ಉಬ್ಬಿದ ಬ್ಯಾಟರಿಯನ್ನು ಚಿಮುಟದ ತುದಿಯಿಂದ ಎತ್ತಲು ಹೋಗಿ ಚುಚ್ಚಿಬಿಟ್ಟೆ. ಸುಯ್ಯೆಂದು ಬಿಳಿ ಹೊಗೆ ಬಂತು, ಹಿಂದೆಯೇ ಬೆಂಕಿ. ಕೈಯಲ್ಲಿದ್ದದ್ದನ್ನು ಬಾಗಿಲ ಹೊರಗೆ ಎಸೆದೆ. ಬೆರಳ ಮೇಲಿನ ಗುರುತು ಈಗಲೂ ಇದೆ. ಆ ಹೊಗೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕೆಟ್ಟದು, ಅದರಲ್ಲಿ ಫ್ಲೋರಿನ್ ಸೇರಿದ ವಿಷದ ಅನಿಲ ಇರುತ್ತದೆ. ಮನೆಯಲ್ಲಿ ಎಂದಾದರೂ ಹೀಗಾದರೆ ಕೈಯಿಂದ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆಫ್, ಆಮೇಲೆ ದೂರದಿಂದ ಮರಳು ಅಥವಾ ಧಾರಾಳ ನೀರು, ಕಿಟಕಿ ತೆರೆದು ಎಲ್ಲರೂ ಹೊರಗೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಿಮ್ಮ ಮನೆಯವರ ಹೆದರಿಕೆ ಹೆಚ್ಚಾಗಿ ಕಾಣದ ಅಲೆಯ ಮೇಲೆ ಇದೆ. ಸಿಡಿಲಿಗೂ ಅಲೆ ಕಾರಣ, ತಲೆನೋವಿಗೂ ಅಲೆ ಕಾರಣ, ಬಂಕಿನಲ್ಲೂ ಅಲೆಯದ್ದೇ ಭಯ. ನನ್ನ ಟೇಬಲ್ ಮೇಲೆ ಸುಟ್ಟು, ಕರಗಿ, ಉಬ್ಬಿ ಬಂದ ಫೋನ್‌ಗಳಲ್ಲಿ ಅಲೆಯಿಂದ ಹಾಗಾದದ್ದು ಒಂದನ್ನೂ ನಾನು ನೋಡಿಲ್ಲ. ಎಲ್ಲದರ ಹಿಂದೆಯೂ ವೈರ್, ಬಿಸಿ, ನೀರು, ಇಲ್ಲದಿದ್ದರೆ ಪೆಟ್ಟು ತಿಂದ ಬ್ಯಾಟರಿ. ಇವು ಕಣ್ಣಿಗೆ ಕಾಣುವ ವಸ್ತುಗಳು. ಕಾಣುವುದರಿಂದಲೇ ನಾವು ಅದಕ್ಕೆ ಒಗ್ಗಿಹೋಗಿದ್ದೇವೆ.

ಅತ್ತೆಯ ಗುಡುಗಿನ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅದರಲ್ಲಿ ಅರ್ಧ ನಿಜ ಇದೆ. ಮೊದಲು ಮನೆಯಲ್ಲಿ ಇದ್ದದ್ದು ವೈರಿನ ಲ್ಯಾಂಡ್‌ಲೈನ್. ಕಂಬದಿಂದ ಕಂಬಕ್ಕೆ ತಾಮ್ರದ ತಂತಿ, ತೋಟ ದಾಟಿ ಮನೆಯ ಒಳಗೆ, ಅಲ್ಲಿಂದ ನೇರ ಕಿವಿಗೆ. ಹೊರಗೆ ಎಲ್ಲೋ ತಂತಿಗೆ ಸಿಡಿಲು ಬಡಿದರೆ ಆ ಹೊಡೆತ ರಿಸೀವರ್ ಹಿಡಿದವರಿಗೆ ಬರುವ ಅಪಾಯ ನಿಜವಾಗಿ ಇತ್ತು. "ಗುಡುಗುವಾಗ ಫೋನ್ ಎತ್ತಬೇಡ" ಎಂದು ಹಿರಿಯರು ಹೇಳಿದ್ದು ಆ ಫೋನಿಗೆ. ಮಾತು ಉಳಿಯಿತು, ಫೋನ್ ಬದಲಾಯಿತು. ಕೈಯಲ್ಲಿರುವ ಮೊಬೈಲಿಗೆ ಹೊರಗಿನ ಯಾವ ತಂತಿಯ ಸಂಬಂಧವೂ ಇಲ್ಲ. ಅದರ ಅಲೆ ಗಾಳಿಯಲ್ಲಿ ಕರೆಂಟಿಗೆ ದಾರಿ ಮಾಡಿಕೊಡುವುದಿಲ್ಲ. ಸಿಡಿಲು ಹುಡುಕುವುದು ಎತ್ತರವನ್ನು, ಬಯಲಲ್ಲಿ ಒಂಟಿಯಾಗಿ ನಿಂತದ್ದನ್ನು. ತೆಂಗಿನಮರ ಇದೆ, ಗದ್ದೆಯ ನಡುವೆ ನಿಂತ ಮನುಷ್ಯ ಇದ್ದಾನೆ. ಸಿಡಿಲು ಬಡಿದವರ ಕಿಸೆಯಲ್ಲಿ ಫೋನ್ ಸುಟ್ಟಿತ್ತು ಎಂದು ಪೇಪರಿನಲ್ಲಿ ಓದಿದಾಗ ಫೋನಿನಿಂದಲೇ ಸಿಡಿಲು ಬಂತು ಅನ್ನಿಸುತ್ತದೆ. ಈಗ ಎಲ್ಲರ ಕಿಸೆಯಲ್ಲೂ ಫೋನ್ ಇರುತ್ತದೆ ಅಲ್ವಾ? ಅವರು ಮರದ ಅಡಿ ನಿಂತಿದ್ದರಾ, ಬಯಲಿನಲ್ಲಿ ಇದ್ದರಾ ಎಂದು ನೋಡಿದರೆ ಕಾರಣ ಅಲ್ಲಿ ಸಿಗುತ್ತದೆ.

ಆದರೆ ಚಾರ್ಜಿಗೆ ಹಾಕಿದ ಫೋನ್ ಮತ್ತೆ ಹಳೆಯ ಲ್ಯಾಂಡ್‌ಲೈನ್ ಆಗಿಬಿಡುತ್ತದೆ. ಇದನ್ನು ಅತ್ತೆಗೆ ಹೇಳಿ, ಅವರಿಗೆ ಕೂಡಲೇ ಅರ್ಥವಾಗುತ್ತದೆ. ತೋಟದ ಮನೆಗಳಿಗೆ ಕರೆಂಟ್ ಬರುವುದು ಮರಗಳ ನಡುವೆ ಹಾದು ಬರುವ ತೆರೆದ ತಂತಿಯಲ್ಲಿ. ಅರ್ಧ ಕಿಲೋಮೀಟರ್ ಆಚೆ ಸಿಡಿಲು ಬಡಿದರೂ ತಂತಿಯಲ್ಲಿ ಸಾವಿರಾರು ವೋಲ್ಟಿನ ಹೊಡೆತ ಓಡಿ ಬರಬಹುದು. ಆ ಹೊಡೆತ ಚಾರ್ಜರ್ ದಾಟಿ ಫೋನಿಗೆ, ಫೋನ್ ಹಿಡಿದ ಕೈಗೆ. ಏಪ್ರಿಲ್–ಮೇ ತಿಂಗಳ ಸಂಜೆ, ಮತ್ತೆ ಮಳೆಗಾಲ ಮುಗಿದು ಅಕ್ಟೋಬರ್–ನವೆಂಬರಿನಲ್ಲಿ ನಮ್ಮ ಕರಾವಳಿಯಲ್ಲಿ ಗುಡುಗು ಜಾಸ್ತಿ. ಆ ತಿಂಗಳುಗಳಲ್ಲಿ ನನ್ನ ಅಂಗಡಿಗೆ "ರಾತ್ರಿ ಚಾರ್ಜಿಗೆ ಹಾಕಿದ್ದೆ, ಬೆಳಿಗ್ಗೆ ಸತ್ತಿತ್ತು" ಎನ್ನುವ ಫೋನ್‌ಗಳು ಸಾಲಾಗಿ ಬರುತ್ತವೆ. ಬಿಚ್ಚಿ ನೋಡಿದರೆ ಚಾರ್ಜಿಂಗ್ ಐಸಿ, ಅಂದರೆ ಚಾರ್ಜ್ ನೋಡಿಕೊಳ್ಳುವ ಸಣ್ಣ ಚಿಪ್, ಕಪ್ಪಾಗಿರುತ್ತದೆ.

ಹಾಗಾಗಿ ಗುಡುಗು ಕೇಳಿದ ಕೂಡಲೇ ಫೋನ್ ಆಫ್ ಮಾಡಬೇಡಿ, ಪ್ಲಗ್ ಕೀಳಿ. ಸ್ವಿಚ್ ಒತ್ತಿದರೆ ಸಾಲದು. ಸ್ವಿಚ್ಚಿನ ಒಳಗಿನ ಅಂತರ ಕೆಲವು ಮಿಲಿಮೀಟರ್ ಮಾತ್ರ, ದೊಡ್ಡ ಹೊಡೆತ ಅದನ್ನು ಹಾರಿ ದಾಟುತ್ತದೆ. ಟಿವಿಯ ಪ್ಲಗ್, ಡಿಶ್ಶಿನ ಕೇಬಲ್, ಇಂಟರ್‌ನೆಟ್ ಪೆಟ್ಟಿಗೆಯ ಅಡಾಪ್ಟರ್ ಎಲ್ಲವನ್ನೂ ತೆಗೆಯಿರಿ. ಫೈಬರ್ ಕೇಬಲ್ ಗಾಜಿನದ್ದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ಎಂದು ಕೆಲವರು ಧೈರ್ಯ ಹೇಳುತ್ತಾರೆ. ಗಾಜು ಹೌದು, ಆದರೆ ಮನೆಗೆ ಎಳೆಯುವ ಕೇಬಲ್ಲಿನ ಜೊತೆ ಆಧಾರಕ್ಕೆ ಹೆಚ್ಚಾಗಿ ಒಂದು ಸ್ಟೀಲ್ ತಂತಿ ಇರುತ್ತದೆ. ಇದೆಲ್ಲ ಗುಡುಗು ದೂರ ಇರುವಾಗಲೇ ಆಗಬೇಕು. ನೆತ್ತಿಯ ಮೇಲೆ ಗುಡುಗುವಾಗ ಪ್ಲಗ್ಗಿಗೆ ಕೈ ಹಾಕಬೇಡಿ.

ಫೋನ್ ಆನ್ ಇರಬೇಕು ಎನ್ನಲು ಇನ್ನೊಂದು ಕಾರಣ ಇದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ಮಾಡಿದ 'ದಾಮಿನಿ' ಎನ್ನುವ ಆ್ಯಪ್ ನೀವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲಿನ ಸಾಧ್ಯತೆ ಇದ್ದರೆ ಎಚ್ಚರಿಸುತ್ತದೆ. ಅಡಿಕೆ ತೋಟದಲ್ಲಿ ಕೆಲಸ ಮಾಡುವವರಿಗೆ ಬಹಳ ಉಪಯೋಗ. ಆ್ಯಪ್ ಇಲ್ಲದಿದ್ದರೆ ಎಣಿಸಿ ನೋಡಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಮೂರು ಸೆಕೆಂಡ್ ಆದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಅಂಗಳಕ್ಕೆ ಇಳಿಯಬೇಡಿ, ಪ್ಲಗ್ ಹಾಕಬೇಡಿ. ಮನೆಯ ಅರ್ಥಿಂಗ್ ಗುಂಡಿಯನ್ನು ಕೊನೆಗೆ ನೋಡಿಸಿದ್ದು ಯಾವಾಗ? ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಸರಿಯಾಗಿ ಸಿಗುವುದಿಲ್ಲ. ಮಳೆಗಾಲ ಬರುವ ಮೊದಲು ಒಮ್ಮೆ ಎಲೆಕ್ಟ್ರಿಷಿಯನ್ ಕರೆಸಿ ಅಳತೆ ಮಾಡಿಸಿ. ಶಾಕ್ ಹೊಡೆದರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಇಲ್ಲದಿದ್ದರೆ 30 ಮಿಲಿಆ್ಯಂಪಿನದ್ದು ಹಾಕಿಸಿ.

ಮಗನ ದಿಂಬಿನ ವಿಷಯ. ರಾತ್ರಿ ಇಡೀ ಚಾರ್ಜಿಗೆ ಹಾಕಿದರೆ ಫೋನ್ ಸಿಡಿಯುತ್ತದೆ ಎನ್ನುವುದು ಅರ್ಧಂಬರ್ಧ ಮಾತು. ಬ್ಯಾಟರಿ ತುಂಬಿದ ಮೇಲೆ ಒಳಗಿನ ಸರ್ಕ್ಯೂಟ್ ಚಾರ್ಜ್ ನಿಲ್ಲಿಸುತ್ತದೆ. ತೊಂದರೆ ದಿಂಬಿನದ್ದು. ಚಾರ್ಜ್ ಆಗುವಾಗ ಫೋನ್ ಬಿಸಿಯಾಗುವುದು ಸಹಜ, ಆ ಬಿಸಿ ಗಾಳಿಗೆ ಹೋಗಬೇಕು. ಹತ್ತಿ ತುಂಬಿದ ದಿಂಬಿನ ಅಡಿ ಅದಕ್ಕೆ ದಾರಿ ಇಲ್ಲ. ಫೋನ್ ಕಂಪನಿಗಳು ಸಾಮಾನ್ಯವಾಗಿ 35 ಡಿಗ್ರಿಗಿಂತ ಮೇಲಿನ ಬಿಸಿಯಲ್ಲಿ ಫೋನ್ ಬಳಸಬೇಡಿ ಎನ್ನುತ್ತವೆ. ನಮ್ಮ ಮೇ ತಿಂಗಳ ಕೋಣೆ ಈಗಾಗಲೇ ಅದರ ಹತ್ತಿರ ಇರುತ್ತದೆ. ಅದರ ಮೇಲೆ ದಿಂಬು, ತಲೆಯ ಭಾರ, ಮಗ್ಗುಲು ಬದಲಿಸುವಾಗ ಬಗ್ಗುವ ವೈರ್. ಹಳೆಯ ಫೋನ್ ಉಬ್ಬಿದ್ದು ಯಾಕೆ ಎಂದು ನೀವು ಕೇಳಲಿಲ್ಲ. ಚಾರ್ಜಿಗೆ ಹಾಕಿಕೊಂಡೇ ಗೇಮ್ ಆಡಿದ್ದು ಅದಕ್ಕೆ ಕಾರಣ ಆಗಿರುವ ಸಾಧ್ಯತೆ ಜಾಸ್ತಿ. ಎರಡು ಕಡೆಯ ಬಿಸಿ ಒಟ್ಟಿಗೆ.

ಅವನಿಗೆ ಬೈಯುವ ಬದಲು ಜಾಗ ಬದಲಿಸಿ. ಚಾವಡಿಯಲ್ಲಿ ಒಂದು ಮರದ ಹಲಗೆಗಿಂತ ಕಲ್ಲಿನ ಕಟ್ಟೆ ಒಳ್ಳೆಯದು, ಅಲ್ಲಿ ಎಲ್ಲರ ಫೋನ್ ಸಂಜೆ ಏಳರಿಂದ ಒಂಬತ್ತರವರೆಗೆ ಚಾರ್ಜ್ ಆಗಲಿ. ಈಗಿನ ಫೋನ್‌ಗಳಿಗೆ ಅಷ್ಟು ಹೊತ್ತು ಸಾಕು. ಅಲಾರಂ ಬೇಕು ಎನ್ನುತ್ತಾನೆ, ಕೇಳಿ ನೋಡಿ. ಒಂದು ಟೈಂಪೀಸ್ ತಂದುಕೊಡಿ. ನನ್ನ ಮಗಳಿಗೂ ನಾನು ಅದನ್ನೇ ಮಾಡಿದ್ದು. ಎರಡು ವಾರ ಮುಖ ಊದಿಸಿಕೊಂಡಿದ್ದಳು, ಆಮೇಲೆ ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಅವಳೇ ಹೇಳಿದಳು.

ಚಾರ್ಜರ್ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ರಸ್ತೆ ಬದಿಯ ನೂರು ರೂಪಾಯಿಯ ಚಾರ್ಜರ್ ಬಿಚ್ಚಿದರೆ 230 ವೋಲ್ಟಿನ ಕಡೆಗೂ ಫೋನಿನ ಕಡೆಗೂ ನಡುವೆ ಇರಬೇಕಾದ ಅಂತರ ಹಲವು ಸಲ ಕೂದಲೆಳೆಯಷ್ಟೇ ಇರುತ್ತದೆ. ನಮ್ಮ ಊರಿನ ತೇವಕ್ಕೆ ಆ ಅಂತರದಲ್ಲಿ ಧೂಳು, ಪಾಚಿಯಂಥ ಹಸಿರು ಕಟ್ಟಿಕೊಂಡರೆ ಗೋಡೆಯ ಕರೆಂಟ್ ನೇರ ಫೋನಿನ ಮೈಗೆ ಬರಬಹುದು. ಲೋಹದ ಮೈಯ ಫೋನ್ ಮುಟ್ಟಿದಾಗ ಸಣ್ಣಗೆ ಜುಂ ಅನ್ನುವುದು ಒಳ್ಳೆಯ ಎರಡು ಪಿನ್ನಿನ ಚಾರ್ಜರಿನಲ್ಲೂ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಕೈ ಹಿಂದೆ ಎಳೆಯುವಷ್ಟು ಹೊಡೆದರೆ ಅದನ್ನು ಅವತ್ತೇ ಬಿಸಾಡಿ. ಒದ್ದೆ ಕಾಲಿನಲ್ಲಿ ಸಿಮೆಂಟ್ ನೆಲದ ಮೇಲೆ ನಿಂತು ಚಾರ್ಜಿನಲ್ಲಿರುವ ಫೋನ್ ಮುಟ್ಟಬೇಡಿ. ಹೊಸ ಚಾರ್ಜರ್, ಪವರ್ ಬ್ಯಾಂಕ್ ತೆಗೆದುಕೊಳ್ಳುವಾಗ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ನೋಂದಣಿ ಸಂಖ್ಯೆ ಇದೆಯಾ ನೋಡಿ. 'ಬಿಐಎಸ್ ಕೇರ್' ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದು.

ಅಕ್ಕಿ ಡಬ್ಬಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಕ್ಕಿ ಫೋನಿನ ಒಳಗಿನ ನೀರು ಹೀರುವುದಿಲ್ಲ. ಸುಮ್ನೆ ಹೊರಗೆ ಇಟ್ಟಿದ್ದರೂ ಅಷ್ಟೇ ಒಣಗುತ್ತಿತ್ತು. ಬದಲಿಗೆ ಅಕ್ಕಿಯ ಹಿಟ್ಟು ಚಾರ್ಜಿಂಗ್ ಪಿನ್ ಒಳಗೆ ಹೋಗುತ್ತದೆ. ನಿಮ್ಮ ಫೋನ್ ನಿಧಾನ ಚಾರ್ಜ್ ಆಗಲು ಅದೇ ಕಾರಣ ಇರಬಹುದು, ಇಲ್ಲವೇ ಪಿನ್ನಿಗೆ ಹಸಿರು ಕಿಲುಬು ಹಿಡಿದಿರಬಹುದು. ಎರಡೂ ಕ್ಲೀನ್ ಮಾಡಿದರೆ ಹೋಗುತ್ತವೆ, ಸೂಜಿ ಹಾಕಿ ಕೆರೆಯಬೇಡಿ. ಮುಂದಿನ ಸಲ ಒದ್ದೆಯಾದರೆ ಮೊದಲು ಸ್ವಿಚ್ ಆಫ್ ಮಾಡಿ. ಒಳಗೆ ಕರೆಂಟ್ ಇರುವಾಗ ನೀರು ಮಾಡುವ ಹಾಳು ಬೇರೆ, ಇಲ್ಲದಿರುವಾಗ ಬೇರೆ. ಪಿನ್ ಕೆಳಗೆ ಮಾಡಿ ಒರೆಸಿ, ಫ್ಯಾನಿನ ಅಡಿ ಒಂದು ದಿನ ಇಡಿ, ಅಲ್ಲಿವರೆಗೆ ಚಾರ್ಜ್ ಬೇಡ. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಸಮುದ್ರದ ನೀರಿಗೆ ಬಿದ್ದರೆ ಕಾಯಬೇಡಿ, ಅದೇ ದಿನ ಬಿಚ್ಚಿಸಿ. ಉಪ್ಪುನೀರು ಒಣಗಿದರೂ ಉಪ್ಪು ಒಳಗೆ ಉಳಿದು ಬೋರ್ಡನ್ನು ತಿನ್ನುತ್ತಾ ಹೋಗುತ್ತದೆ. ನೀರಿಗೆ ಏನೂ ಆಗದು ಎಂದು ಬರೆದಿರುವ ಫೋನನ್ನೂ ಪರೀಕ್ಷೆ ಮಾಡಿರುವುದು ಸಿಹಿನೀರಿನಲ್ಲಿ.

ಈಗ ಮಾವನ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಮೂರು ಎಳೆ ಸೇರಿಕೊಂಡಿವೆ: ಅಲೆಯ ಭಯ, ಪೇಸ್‌ಮೇಕರ್, ಕಿವಿ. ಮೂರನ್ನೂ ಬೇರೆ ಮಾಡಿದರೆ ಸ್ಪೀಕರಿನ ಗಂಟು ತಾನಾಗಿ ಸಡಿಲವಾಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಮೊಬೈಲಿನ ಅಲೆ ರೇಡಿಯೋ ಅಲೆಯ ಜಾತಿಯದ್ದು. ಎಕ್ಸ್‌ರೇಯ ಹಾಗೆ ಜೀವಕೋಶದ ಒಳಗಿನ ಕಟ್ಟನ್ನು ಮುರಿಯುವ ಶಕ್ತಿ ಅದಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಇದನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು' ಎನ್ನುವ ಗುಂಪಿಗೆ ಸೇರಿಸಿತು. ಆ ಸುದ್ದಿಯನ್ನು ಎಲ್ಲರೂ ಹಂಚಿದರು. ಅದೇ ಗುಂಪಿನಲ್ಲಿ ಏಷ್ಯಾದ ಕೆಲವು ಕಡೆಯ ತರಕಾರಿ ಉಪ್ಪಿನಕಾಯಿಯೂ ಇದೆ, ಅದನ್ನು ಯಾರೂ ಹೇಳಲಿಲ್ಲ. ಸಾಕ್ಷಿ ಗಟ್ಟಿಯಿಲ್ಲ, ಪೂರ್ತಿ ತಳ್ಳಿಹಾಕಲೂ ಆಗಿಲ್ಲ ಎನ್ನುವುದು ಆ ಗುಂಪಿನ ಅರ್ಥ. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಮಾರುವ ಫೋನ್‌ಗಳಿಗೆ ಒಂದು ಮಿತಿ ಇದೆ, ದೇಹ ಹೀರುವ ಅಲೆಯ ಶಕ್ತಿ ಕಿಲೋಗೆ 1.6 ವ್ಯಾಟ್ ದಾಟಬಾರದು. ಫೋನಿನಲ್ಲಿ *#07# ಒತ್ತಿದರೆ ಬಹಳ ಫೋನ್‌ಗಳಲ್ಲಿ ಆ ಅಂಕಿ ಕಾಣುತ್ತದೆ. ಮಾವನ ಮುಂದೆಯೇ ಒತ್ತಿ ತೋರಿಸಿ. ಕಣ್ಣಿಂದ ನೋಡಿದರೆ ಅವರಿಗೆ ಸಮಾಧಾನ ಆಗಬಹುದು.

ಅಷ್ಟಾದರೂ ಫೋನ್ ತಲೆಯಿಂದ ದೂರ ಇರಲಿ ಎನ್ನುವ ಅವರ ಆಸೆ ತಪ್ಪಲ್ಲ, ದೂರ ಹೋದಷ್ಟೂ ಅಲೆ ಕಡಿಮೆ ಆಗುವುದು ನಿಜ. ಆದರೆ ಆ ದೂರ ಸ್ಪೀಕರಿನಿಂದಲೇ ಬರಬೇಕೆಂದಿಲ್ಲ. ವೈರಿನ ಇಯರ್‌ಫೋನ್ ಹಾಕಿದರೂ ಅಷ್ಟೇ ದೂರ ಸಿಗುತ್ತದೆ, ಪಕ್ಕದವರಿಗೆ ತೊಂದರೆಯೂ ಇಲ್ಲ. ಇನ್ನೊಂದು ವಿಷಯ. ಸಿಗ್ನಲ್ ಒಂದೇ ಕಡ್ಡಿ ಇರುವಾಗ ಫೋನ್ ಟವರನ್ನು ಮುಟ್ಟಲು ಜೋರಾಗಿ ಅಲೆ ಬಿಡುತ್ತದೆ, ಬಿಸಿಯೂ ಆಗುತ್ತದೆ. ದಪ್ಪ ಮುರಕಲ್ಲಿನ ಗೋಡೆಯ ಒಳಕೋಣೆಯಲ್ಲಿ ಅರ್ಧ ಗಂಟೆ ಮಾತಾಡುವುದಕ್ಕಿಂತ ಜಗಲಿಗೆ ಬಂದು ಮಾತಾಡುವುದು ಒಳ್ಳೆಯದು.

ಪೇಸ್‌ಮೇಕರ್ ಇರುವವರು ಮೊಬೈಲ್ ಬಳಸಬಹುದು. ಆದರೆ ಎದೆಯಲ್ಲಿ ಯಂತ್ರ ಕೂರಿಸಿದ ಜಾಗಕ್ಕೂ ಫೋನಿಗೂ ಕನಿಷ್ಠ 15 ಸೆಂಟಿಮೀಟರ್, ಅಂದರೆ ಸುಮಾರು ಆರು ಇಂಚು, ಅಂತರ ಬೇಕು. ಹೆಚ್ಚಿನವರಿಗೆ ಅದನ್ನು ಎಡಗಡೆ ಹಾಕಿರುತ್ತಾರೆ. ಹಾಗಾದರೆ ಎಡ ಕಿಸೆ ಇವತ್ತಿನಿಂದಲೇ ಬೇಡ, ಬಲ ಕಿವಿಯಲ್ಲಿ ಮಾತಾಡಲಿ. ಇಲ್ಲಿ ಅಲೆಗಿಂತ ನಾನು ಹೆದರುವುದು ಅಯಸ್ಕಾಂತಕ್ಕೆ. ಪುಸ್ತಕದ ಹಾಗೆ ಮುಚ್ಚುವ ಕವರಿನ ತುದಿಯಲ್ಲಿ, ವೈರಿಲ್ಲದೆ ಚಾರ್ಜ್ ಆಗುವ ಕೆಲವು ಹೊಸ ಫೋನ್‌ಗಳ ಬೆನ್ನಿನಲ್ಲಿ, ಇಯರ್‌ಬಡ್ಸ್ ಡಬ್ಬಿಯಲ್ಲಿ ಅಯಸ್ಕಾಂತ ಇರುತ್ತದೆ. ಅಯಸ್ಕಾಂತ ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯವನ್ನು ಗಮನಿಸುವುದು ಬಿಟ್ಟು ಒಂದೇ ವೇಗದಲ್ಲಿ ಬಡಿಯುವ ಸ್ಥಿತಿಗೆ ಹೋಗುತ್ತದೆ. ದೂರ ಮಾಡಿದರೆ ಮತ್ತೆ ಮೊದಲಿನಂತೆ ಆಗುತ್ತದೆ. ಎದೆಯ ಕಿಸೆಯಲ್ಲಿ ದಿನವಿಡೀ ಇಡುವ ಫೋನಿಗೆ ಇದು ಸಣ್ಣ ವಿಷಯ ಅಲ್ಲ. ಮಾವನ ಫೋನಿಗೆ ಅಂಥ ಕವರ್ ಇದ್ದರೆ ತೆಗೆದು ಸಾದಾ ರಬ್ಬರ್ ಕವರ್ ಹಾಕಿಸಿ. ಮುಂದಿನ ಚೆಕಪ್ಪಿಗೆ ಹೋಗುವಾಗ ಅವರ ಪೇಸ್‌ಮೇಕರ್ ಕಾರ್ಡ್ ತೋರಿಸಿ ಡಾಕ್ಟರ ಬಾಯಿಂದಲೇ ಈ ಮಾತು ಹೇಳಿಸಿ. ನನ್ನ ಮಾತಿಗಿಂತ ಆ ಮಾತಿಗೆ ತೂಕ ಜಾಸ್ತಿ.

ಉಳಿದದ್ದು ಕಿವಿ. ಸ್ಪೀಕರ್ ಹಾಕುವ ಹಿರಿಯರನ್ನು ಜನ ಒರಟು ಎಂದುಕೊಳ್ಳುತ್ತಾರೆ, ಅದು ನನಗೆ ಬೇಸರ ತರುತ್ತದೆ. ನನ್ನ ಅಂಗಡಿಗೆ ಬಂದು "ಸೌಂಡ್ ಕೇಳುವುದಿಲ್ಲ" ಎನ್ನುವ ಹಿರಿಯರಲ್ಲಿ ಬಹಳ ಜನರ ಫೋನಿಗೆ ಒಂದೇ ಕಾಯಿಲೆ. ಕಿವಿಗೆ ಇಡುವ ಜಾಗದಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಅದರಲ್ಲಿ ತಲೆಯ ಎಣ್ಣೆ, ಬೆವರು, ಕಿವಿಯ ಗುಗ್ಗೆ, ಕಿಸೆಯ ಧೂಳು ಸೇರಿ ಮೇಣದ ಹಾಗೆ ಕಟ್ಟಿಕೊಂಡಿರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಮುಚ್ಚುವುದರಿಂದ ಅವರಿಗೆ ಅದು ಗೊತ್ತೇ ಆಗುವುದಿಲ್ಲ. ಕಿವಿ ಮಂದವಾಯಿತು ಎಂದುಕೊಂಡು ಸ್ಪೀಕರ್ ಒತ್ತುತ್ತಾರೆ. ಕೆಲವೊಮ್ಮೆ ಅಂಗಡಿಯವರು ಅಂಟಿಸಿದ ಗಾಜೇ ಜಾಲರಿಯ ಅರ್ಧ ಮುಚ್ಚಿರುತ್ತದೆ. ಮೆತ್ತಗಿನ ಒಣ ಬ್ರಷ್ಷಿನಿಂದ ಐದು ನಿಮಿಷದ ಕೆಲಸ. ಕಲ್ಯಾಣಪುರದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಹೀಗೆ ಕ್ಲೀನ್ ಮಾಡಿಕೊಟ್ಟ ಫೋನಿನಲ್ಲಿ ಮೊಮ್ಮಗಳ ಹತ್ತಿರ ಮಾತಾಡಿ, ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಎರಡು ವರ್ಷದಿಂದ ತಮಗೆ ಕಿವುಡು ಬಂದಿದೆ ಎಂದೇ ಅವರು ತಿಳಿದಿದ್ದರು.

ಹಿರಿಯರು ಫೋನಿನಲ್ಲಿ ಜೋರಾಗಿ ಮಾತಾಡುವುದಕ್ಕೂ ಕಾರಣ ಇದೆ. ಹಳೆಯ ಲ್ಯಾಂಡ್‌ಲೈನಿನಲ್ಲಿ ನಮ್ಮ ದನಿ ನಮ್ಮ ಕಿವಿಗೆ ಸ್ವಲ್ಪ ವಾಪಸ್ ಕೇಳುತ್ತಿತ್ತು. ಎಷ್ಟು ಜೋರಾಗಿ ಮಾತಾಡುತ್ತಿದ್ದೇವೆ ಎಂದು ಅದರಿಂದ ತಿಳಿಯುತ್ತಿತ್ತು. ಮೊಬೈಲಿನಲ್ಲಿ ಅದು ಬಹಳ ಕಡಿಮೆ. ಅದರ ಜೊತೆ ವಯಸ್ಸಾದಂತೆ ಮೊದಲು ಮಂದವಾಗುವುದು ಕೀಚು ದನಿ ಕೇಳುವ ಶಕ್ತಿ. ಸ, ಶ, ತ, ಕ ಇಂಥ ಅಕ್ಷರಗಳು ಬಿಟ್ಟುಹೋಗುತ್ತವೆ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಫೋನಿನ ಸೆಟ್ಟಿಂಗಿನಲ್ಲಿ 4ಜಿ ಕಾಲಿಂಗ್ ಆನ್ ಇದೆಯಾ ನೋಡಿ. ಹಳೆಯ ರೀತಿಯ ಕರೆಗಿಂತ ಅದರಲ್ಲಿ ಕೀಚು ದನಿ ಚೆನ್ನಾಗಿ ದಾಟುತ್ತದೆ, ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ಹೇಗೆ ಹೇಳಲಿ ಎಂದು ಕೇಳಿದ್ದೀರಿ. ಬಸ್ಸಿನಲ್ಲಿ, ನಾಲ್ಕು ಜನರ ಎದುರು ಹೇಳಬೇಡಿ. ಅವರಿಗೆ ಅವಮಾನ ಆಗುತ್ತದೆ, ಮಾತು ಒಳಗೆ ಇಳಿಯುವುದಿಲ್ಲ. ಮನೆಯಲ್ಲಿ ಊಟ ಆದ ಮೇಲೆ, "ಮಾವ, ನಿಮ್ಮ ಫೋನ್ ಒಮ್ಮೆ ಕೊಡಿ, ಸೌಂಡ್ ಕಡಿಮೆ ಆದ ಹಾಗೆ ಉಂಟು, ಸರಿ ಮಾಡಿಸಿಕೊಂಡು ಬರ್ತೇನೆ" ಎನ್ನಿ. ದೋಷ ಫೋನಿನದ್ದಾಗಲಿ, ಅವರದ್ದಾಗುವುದು ಬೇಡ. ಆಮೇಲೆ ಇನ್ನೊಂದು ಮಾತು ಸೇರಿಸಿ. ಸ್ಪೀಕರಿನಲ್ಲಿ ಬ್ಯಾಂಕಿನವರು, ಮಗಳು, ಡಾಕ್ಟರು ಹೇಳಿದ್ದೆಲ್ಲ ಬಸ್ಸಿಗೆ ಕೇಳುತ್ತದೆ. ಓಟಿಪಿಯನ್ನು ಸ್ಪೀಕರಿನಲ್ಲಿ ಗಟ್ಟಿಯಾಗಿ ಓದುವವರನ್ನು ನಾನು ಉಡುಪಿ ಬಸ್ ನಿಲ್ದಾಣದಲ್ಲೇ ನೋಡಿದ್ದೇನೆ, ಎದೆ ಧಸಕ್ಕೆಂದಿತು. ಮನೆಯ ವಿಷಯ ಹೊರಗೆ ಹೋಗಬಾರದು ಎನ್ನುವುದು ಹಿರಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು, ಆ ದಾರಿಯಲ್ಲಿ ಹೇಳಿದರೆ ಅವರು ಒಪ್ಪುತ್ತಾರೆ. ಕಾನೂನು ಬೇಕಾದರೆ ಅದೂ ಇದೆ. 2021ರ ನವೆಂಬರಿನಲ್ಲಿ ಹೈಕೋರ್ಟ್ ಸೂಚನೆಯ ನಂತರ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಮೊಬೈಲ್ ಸ್ಪೀಕರಿನಲ್ಲಿ ಜೋರಾಗಿ ಹಾಡು, ವಿಡಿಯೋ ಹಾಕುವುದನ್ನು ನಿಲ್ಲಿಸಿತು, ಕೇಳದಿದ್ದರೆ ಕೆಳಗಿಳಿಸಬಹುದು ಎಂದಿತು. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್, ಅಲ್ಲಿ ಕಂಡಕ್ಟರ ಮಾತೇ ನಿಯಮ. ಆದರೆ ಮನೆಯವರಿಗೆ ಕಾನೂನು ತೋರಿಸಬೇಡಿ. ಆಸ್ಪತ್ರೆಯ ವಾರ್ಡಿನಲ್ಲಿ ಮಾತ್ರ ಗಟ್ಟಿಯಾಗಿ ಹೇಳಲೇಬೇಕು. ಪಕ್ಕದ ಮಂಚದಲ್ಲಿ ರಾತ್ರಿಯಿಡೀ ನರಳಿ ಈಗಷ್ಟೇ ಕಣ್ಣು ಮುಚ್ಚಿದವರು ಇರಬಹುದು. ಕರೆ ಬಂದರೆ ಕಾರಿಡಾರಿಗೆ ಕರೆದುಕೊಂಡು ಹೋಗಿ, ಅಲ್ಲಿ ಮಾತಾಡಲಿ.

ನಿಮ್ಮ ಗಂಡನ ಬಗ್ಗೆ. ಬಂಕಿನಲ್ಲಿ ಫೋನ್ ಮುಟ್ಟದೆ ಇರುವುದು ಒಳ್ಳೆಯದೇ, ಅಲ್ಲಿನ ನಿಯಮ ಅದು. ಮೊಬೈಲ್ ಅಲೆಯಿಂದಲೇ ಪೆಟ್ರೋಲ್ ಆವಿಗೆ ಬೆಂಕಿ ತಗುಲಿದ ಘಟನೆ ಖಚಿತವಾಗಿ ಸಾಬೀತಾಗಿಲ್ಲ. ಅಂಥ ಬೆಂಕಿಗಳಲ್ಲಿ ಹೆಚ್ಚಾಗಿ ಕಂಡಿರುವುದು ಬಟ್ಟೆ, ಸೀಟಿನ ಉಜ್ಜಾಟದಿಂದ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿ. ಹಣ ಕೊಡಲು ಫೋನ್ ಬೇಕಾದರೆ ಗಾಡಿಯನ್ನು ಪಂಪಿನಿಂದ ಸ್ವಲ್ಪ ಮುಂದೆ ತಂದು ಕೊಡಲಿ.

ಹೆಲ್ಮೆಟ್ ಒಳಗಿನ ಫೋನ್ ಅದಕ್ಕಿಂತ ಬಹಳ ಅಪಾಯ. ಗಂಟೆಗೆ 60 ಕಿಲೋಮೀಟರ್ ಓಡುವ ಬೈಕ್ ಮೂರು ಸೆಕೆಂಡಿನಲ್ಲಿ 50 ಮೀಟರ್ ಹೋಗುತ್ತದೆ. ಹೆದ್ದಾರಿ 66ರಲ್ಲಿ ಸರ್ವಿಸ್ ರಸ್ತೆಯಿಂದ ಒಂದು ರಿಕ್ಷಾ ಅಡ್ಡ ಬರಲು ಅಷ್ಟು ಸಾಕು. ಎರಡೂ ಕೈ ಹ್ಯಾಂಡಲ್ ಮೇಲೆ ಇದೆ ಎಂದು ಅವರು ಹೇಳಬಹುದು. ಕೈ ಅಲ್ಲಿರುತ್ತದೆ, ಮನಸ್ಸು ಕರೆಯಲ್ಲಿರುತ್ತದೆ. ಬಿದ್ದರೆ ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಗಟ್ಟಿ ಗಾಜು, ಅದರ ಹಿಂದೆ ನಾನು ಮೇಲೆ ಹೇಳಿದ ಬ್ಯಾಟರಿ. ಓಡಿಸುವಾಗ ಫೋನ್ ಹಿಡಿದು ಮಾತಾಡುವುದು ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ ಅಪಾಯಕಾರಿ ಚಾಲನೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಆದರೆ ಅವರು ಬೈಕಿನಲ್ಲಿ ಇರುವಾಗ ಅವರಿಗೆ ಫೋನ್ ಮಾಡುವುದು ಯಾರು? ಹೆಚ್ಚಾಗಿ ಮನೆಯವರೇ ಅಲ್ವಾ? ಹೊರಟ ಮೇಲೆ ಮುಟ್ಟುವವರೆಗೆ ಮನೆಯಿಂದ ಯಾರೂ ಫೋನ್ ಮಾಡುವುದಿಲ್ಲ ಎಂದು ನೀವೇ ಮೊದಲು ನಿಲ್ಲಿಸಿ. ತುರ್ತು ಇದ್ದರೆ ಎರಡು ಸಲ ರಿಂಗ್ ಕೊಟ್ಟು ಇಡಿ, ಅವರು ಬದಿಗೆ ನಿಲ್ಲಿಸಿ ವಾಪಸ್ ಮಾಡಲಿ.

ಮಾವನ ಫೋನ್ ಕ್ಲೀನ್ ಆಗಿ ಬಂದ ಮೇಲೆ ಒಂದು ಪರೀಕ್ಷೆ ಮಾಡಿ. ಅವರನ್ನು ಜಗಲಿಯಲ್ಲಿ ಕೂರಿಸಿ, ನೀವು ಒಳಗಿನಿಂದ ಕರೆ ಮಾಡಿ. ಫೋನ್ ಬಲ ಕಿವಿಯಲ್ಲಿ, ಸ್ಪೀಕರ್ ಇಲ್ಲದೆ. ಸುಮ್ನೆ ಹಲೋ ಎನ್ನಬೇಡಿ, "ಸಂಜೆ ಸಂತೆಯಿಂದ ಏನು ತರಬೇಕು" ಎನ್ನುವಂಥ ಮಾತು ಕೇಳಿ. ಅವರು ಸರಿಯಾಗಿ ಉತ್ತರ ಕೊಟ್ಟರೆ ತೊಂದರೆ ಇದ್ದದ್ದು ಜಾಲರಿಯಲ್ಲಿ. ಮತ್ತೆ ಮತ್ತೆ "ಎಂಥ?" ಎಂದು ಕೇಳಿದರೆ, ಅಥವಾ ಮೂರನೇ ಮಾತಿಗೆ ಫೋನ್ ಕೆಳಗಿಳಿಸಿ ಸ್ಪೀಕರ್ ಒತ್ತಿದರೆ, ಪೇಸ್‌ಮೇಕರ್ ಚೆಕಪ್ಪಿಗೆ ಹೋಗುವ ದಿನವೇ ಕಿವಿಯನ್ನೂ ತೋರಿಸಿಕೊಂಡು ಬನ್ನಿ. ಕಿವಿಯ ಯಂತ್ರ ಬೇಕು ಎಂದು ಡಾಕ್ಟರು ಹೇಳಿದರೆ, ಫೋನಿನ ಮಾತು ನೇರ ಅದರಲ್ಲೇ ಕೇಳುವಂಥ ಯಂತ್ರ ಕೊಡಿ ಎಂದು ಕೇಳಿ. ಪೇಸ್‌ಮೇಕರ್ ಇರುವ ವಿಷಯವನ್ನು ಮೊದಲೇ ಹೇಳಿ.